ತಲೆ ತಣ್ಣಗಿರುವಾಗಲೇ ತೀರ್ಮಾನಿಸಿ: ಆಟಿಸಂ ಇರುವ ದೊಡ್ಡವರಿಗೆ ಮಲೆನಾಡಿನ ದಿನಚರಿ

ಆಟಿಸಂ, ಅಂದರೆ ಮಿದುಳು ಸದ್ದು, ಬೆಳಕು, ಮಾತು, ಜನರನ್ನು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಗ್ರಹಿಸುವ ಸ್ಥಿತಿ. ಆ ಹೆಸರು ಎತ್ತಿದಕೂಡಲೇ ಶಿವಮೊಗ್ಗದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಜನರ ಕಣ್ಣಮುಂದೆ ಬರುವುದು ಚಿಕ್ಕ ಮಗು. ಆ ಮಗುವಿಗೂ ನಲವತ್ತು ತುಂಬುತ್ತದೆ, ಅದೂ ಬ್ಯಾಂಕಿಗೆ ಹೋಗುತ್ತದೆ, ತೋಟ ನೋಡಿಕೊಳ್ಳುತ್ತದೆ, ಮದುವೆಮನೆಯ ಪಂಕ್ತಿಯಲ್ಲಿ ಕೂರುತ್ತದೆ ಎಂಬುದು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಈ ಬರಹ ಅಂಥ ದೊಡ್ಡವರಿಗೆ, ಮತ್ತು ಅವರೊಟ್ಟಿಗೆ ಒಂದೇ ಸೂರಿನಡಿ ಇರುವವರಿಗೆ.

ಸದ್ದು, ಬೆಳಕು, ವಾಸನೆ, ಜನ, ಅಂದುಕೊಂಡದ್ದು ತಪ್ಪುವುದು, ಇವೆಲ್ಲ ದಿನವಿಡೀ ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಕೊಡ ತುಂಬಿದ ಮೇಲೆ ಮೊದಲು ಕೈಕೊಡುವುದು ಮಾತು. ಅದರ ಹಿಂದೆಯೇ ತೀರ್ಮಾನ ಮಾಡುವ ಶಕ್ತಿ. 'ಎದ್ದು ಹೋಗಲೋ, ಇನ್ನೂ ಸ್ವಲ್ಪ ಕೂರಲೋ' ಎಂದು ಆ ಹೊತ್ತಿನಲ್ಲಿ ಯೋಚಿಸಲು ಹೊರಟರೆ ತಲೆ ಓಡುವುದಿಲ್ಲ. ಆದ್ದರಿಂದ ಎಷ್ಟು ಗಂಟೆಗೆ ಹೊರಡುವುದು, ಏನು ಹೇಳುವುದು, ಚೀಲದಲ್ಲಿ ಏನಿರಬೇಕು, ಏನು ತಿನ್ನುವುದು ಎಲ್ಲವನ್ನೂ ತಲೆ ತಣ್ಣಗಿರುವಾಗ ತೀರ್ಮಾನಿಸಿ ಬರೆದಿಡಬೇಕು. ತುಂಬಿದಾಗ ಯೋಚಿಸಬಾರದು, ಬರೆದದ್ದನ್ನು ಮಾಡಬೇಕು. ಮುಂದಿನದ್ದೆಲ್ಲ ಇದೇ ಒಂದು ಕೆಲಸದ ವಿವರ.

ಕಿವಿಯ ಸಾಮಾನು

ಮೂರು ಬಗೆ ಇವೆ, ಮೂರರ ಕೆಲಸವೂ ಬೇರೆ. ಫೋಮಿನ ಇಯರ್‌ಪ್ಲಗ್ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಸರಿಯಾಗಿ ಕೂತರೆ ಚೆನ್ನಾಗಿ ತಡೆಯುತ್ತದೆ. ಹೆಚ್ಚಿನವರಿಗೆ ಅದು ಕೆಲಸ ಮಾಡದಿರುವುದು ಹಾಕುವ ರೀತಿ ತಪ್ಪಿರುವುದರಿಂದ. ಒಣಗಿದ ಬೆರಳುಗಳಲ್ಲಿ ಹೊಸೆದು ಊದುಬತ್ತಿಯ ಕಡ್ಡಿಗಿಂತ ಸ್ವಲ್ಪ ದಪ್ಪ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಒಳಗೆ ತೂರಿಸಿ ಬೆರಳಿನಿಂದ ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಎಂದರ್ಥ, ತೆಗೆದು ಮತ್ತೆ ಹಾಕಿ.

ಎರಡನೆಯದು ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್. ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ನೋಡಲು ಒರಟು, ಆದರೆ ಹಾಕಲು ತೆಗೆಯಲು ಎರಡು ಕ್ಷಣ ಸಾಕು. ಮಿಕ್ಸಿ, ಪಟಾಕಿ, ಡಿಜೆಗೆ ಇದೇ ಸರಿ. ಮೂರನೆಯದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಬಸ್ಸಿನ ಎಂಜಿನ್, ಫ್ಯಾನು, ಜನರೇಟರಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಅದು ತಿಂದುಹಾಕುತ್ತದೆ. ಹಾರನ್, ತಟ್ಟೆ ಬಿದ್ದ ಸದ್ದು, ಕಂಡಕ್ಟರ್ ಕೂಗನ್ನು ಅಷ್ಟಾಗಿ ತಡೆಯುವುದಿಲ್ಲ. ಹಣ ಸುರಿದ ಮೇಲೆ 'ಇದು ಕೆಲಸ ಮಾಡಲ್ಲ' ಎಂದು ಬೇಸರಪಡುವವರು ಈ ವ್ಯತ್ಯಾಸ ಗೊತ್ತಿಲ್ಲದೆ ಕೊಂಡವರು.

ಮಲೆನಾಡಿಗೆ ಮಾತ್ರ ಬೇಕಾದ ಎಚ್ಚರಿಕೆ ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ ಹವೆಯಲ್ಲಿ ಕಿವಿಯೊಳಗೆ ತೇವ ನಿಂತರೆ ಗೋಡೆಯಲ್ಲಿ ಬರುವ ಹಾಗೆ ಅಲ್ಲೂ ಬೂಸು ಬರುತ್ತದೆ. ತಲೆಸ್ನಾನ ಮಾಡಿದ ಕೂಡಲೇ ಪ್ಲಗ್ ಹಾಕಬೇಡಿ. ಕೊಳೆಯಾದದ್ದನ್ನು ಬಿಸಾಡಿ. ಕಿವಿ ತುರಿಸತೊಡಗಿದರೆ ಪ್ಲಗ್ ನಿಲ್ಲಿಸಿ ಕಿವಿ ಡಾಕ್ಟರಿಗೆ ತೋರಿಸಿ. ಬೆಂಕಿಕಡ್ಡಿ, ಬಿಸಿ ಎಣ್ಣೆ ಯಾವುದೂ ಬೇಡ. ಮನೆಯಲ್ಲಿ ಸದ್ದಿಲ್ಲದಿರುವಾಗಲೂ ಕಿವಿ ಮುಚ್ಚಿಕೊಂಡೇ ಇದ್ದರೆ ಸಣ್ಣ ಸದ್ದೂ ಚುಚ್ಚತೊಡಗುತ್ತದೆ, ಆದ್ದರಿಂದ ಬೇಕಾದಾಗ ಮಾತ್ರ.

ಮಳೆಗಾಲದ ಮನೆ

ಮಳೆಯ ಸದ್ದು ಕೆಲವರಿಗೆ ಜೋಗುಳ, ಕೆಲವರಿಗೆ ತಮಟೆ. ಅದು ಬೀಳುವ ಸೂರಿನ ಮೇಲೆ ಹೋಗುತ್ತದೆ. ಹೆಂಚಿನ ಕೆಳಗೆ ಮರದ ಮುಚ್ಚಿಗೆ ಇರುವ ಕೋಣೆ ಎಲ್ಲಕ್ಕಿಂತ ಮೆತ್ತಗೆ. ಬರೀ ತಗಡಿನ ಶೀಟು ಹೊದಿಸಿದ ಕೋಣೆಯಲ್ಲಿ ಆಷಾಢದ ರಾತ್ರಿ ನಿದ್ದೆ ಕನಸೇ. ಮೇ ತಿಂಗಳಲ್ಲೇ ಮಂಚ ಬದಲಾಯಿಸಿ. ಮಳೆ ಹಿಡಿದ ಮೇಲೆ ಕೋಣೆ ಬದಲಾಯಿಸುವುದು ಇನ್ನೊಂದು ಏರುಪೇರು.

ಬಟ್ಟೆ ಒಣಗದಿರುವುದು ಬೇರೆಯವರಿಗೆ ಕಿರಿಕಿರಿ, ಮೈ ಸೂಕ್ಷ್ಮ ಇರುವವರಿಗೆ ಅರ್ಧ ದಿನವನ್ನೇ ತಿನ್ನುವ ಸಂಗತಿ. ಒಪ್ಪುವ ಬಟ್ಟೆ ಯಾವುದೆಂದು ಗೊತ್ತಿದ್ದರೆ ಅದೇ ಅಂಗಿ, ಅದೇ ಅಳತೆ, ಮಳೆಗಾಲಕ್ಕೆಂದು ಮೂರು ಜತೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಬೇಗ ಒಣಗುತ್ತದೆ, ಹೊಗೆವಾಸನೆ ಹಿಡಿಯುತ್ತದೆ. ವಾಸನೆ ಆಗದವರು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಹರವಿಕೊಳ್ಳುವುದೇ ವಾಸಿ. ಕತ್ತಿನ ಲೇಬಲನ್ನು ಕತ್ತರಿಯಿಂದ ಕತ್ತರಿಸಬೇಡಿ, ಉಳಿದ ಮೊಂಡು ತುದಿ ಮೊದಲಿಗಿಂತ ಚುಚ್ಚುತ್ತದೆ. ಹೊಲಿಗೆಯ ದಾರವನ್ನೇ ಬ್ಲೇಡಿನಿಂದ ಬಿಡಿಸಿ.

ಕರೆಂಟು ಹೋಗುವುದು ಖಚಿತ, ಯಾವಾಗ ಎಂಬುದು ಮಾತ್ರ ಗೊತ್ತಿಲ್ಲ. ಟಾರ್ಚಿಗೆ ಒಂದೇ ಜಾಗ ಇರಲಿ, ಗೋಡೆಯ ಮೊಳೆಗೆ ನೇತುಹಾಕಿ. ಹತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕನ್ನು ಪ್ರತಿ ಭಾನುವಾರ ತುಂಬಿಸಿ. ಬಲ್ಬು ಮಿಣಮಿಣ ಎನ್ನುತ್ತಿದೆಯೋ ನಿಮ್ಮ ಕಣ್ಣಿಗೆ ಹಾಗನ್ನಿಸುತ್ತಿದೆಯೋ ಎಂದು ಮನೆಯವರೊಡನೆ ಜಗಳ ಬೇಡ. ಮೊಬೈಲ್ ಕ್ಯಾಮರಾ ತೆರೆದು ಬಲ್ಬಿನ ಬೆಳಕು ಬಿದ್ದ ಬಿಳಿ ಗೋಡೆಗೆ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಬಲ್ಬಿನದೇ ದೋಷ, ಬದಲಾಯಿಸಿ.

ಹೊಟ್ಟೆಯ ವಿಚಾರ

ಹಸಿವು, ಬಾಯಾರಿಕೆ, ಮೂತ್ರದ ಒತ್ತಡ ಇವು ಆಟಿಸಂ ಇರುವ ಎಷ್ಟೋ ಜನರಿಗೆ ಹೊತ್ತಿಗೆ ಸರಿಯಾಗಿ ತಿಳಿಯುವುದೇ ಇಲ್ಲ. ಮೂರು ಗಂಟೆಗೆ ಕೈ ನಡುಗಿ ಸಿಟ್ಟು ಬಂದಾಗ ಕಾರಣ ಎದುರಿಗಿದ್ದ ಮನುಷ್ಯ ಎನಿಸುತ್ತದೆ. ನಿಜವಾದ ಕಾರಣ ಬೆಳಗಿನ ತಿಂಡಿ ಬಿಟ್ಟದ್ದು. ಹಸಿವಿಗೆ ಕಾಯದೆ ಗಡಿಯಾರಕ್ಕೆ ಉಣ್ಣಿ. ಮೊಬೈಲಿನಲ್ಲಿ ಮೂರು ಅಲಾರಂ ಇಟ್ಟು, 'ಊಟ' ಎಂದಷ್ಟೇ ಬರೆಯದೆ 'ಊಟ, ನೀರು, ಬಚ್ಚಲು' ಎಂದು ಬರೆಯಿರಿ.

ಏನೂ ಬೇಡವೆನಿಸಿದ ದಿನಕ್ಕೆಂದು ಎರಡು ಊಟ ಗೊತ್ತುಮಾಡಿಟ್ಟುಕೊಳ್ಳಿ. ಮಧ್ಯಮ ಅವಲಕ್ಕಿ ಒಂದು ಲೋಟ ತೊಳೆದು ನೀರು ಬಸಿದು ಐದು ನಿಮಿಷ ಬಿಟ್ಟು ಮೊಸರು, ಉಪ್ಪು ಕಲಸಿದರೆ ಆಯಿತು: ಒಲೆಯಿಲ್ಲ, ಸದ್ದಿಲ್ಲ. ಎರಡನೆಯದು ಕುಚ್ಚಲಕ್ಕಿ ಗಂಜಿ. ಒಂದು ಲೋಟ ಅಕ್ಕಿಗೆ ಏಳು ಲೋಟ ನೀರು, ಕುಕ್ಕರಿನ ಸೀಟಿ ಆಗದವರು ದಪ್ಪ ತಳದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ತಳ ಹಿಡಿಯುವುದು ನೀರು ಕಮ್ಮಿಯಾಗಿ, ಉರಿ ಹೆಚ್ಚಾಗಿ. ಪಕ್ಕದಲ್ಲಿ ಬಿಸಿನೀರು ಇರಲಿ. ಮಿಕ್ಸಿ ಹಾಕುವವರು ಮನೆಯಲ್ಲಿ ಬೇರೆಯವರಾದರೆ ಒಂದೇ ಒಪ್ಪಂದ ಸಾಕು: ಗುಂಡಿ ಒತ್ತುವ ಮುಂಚೆ 'ಮಿಕ್ಸಿ' ಎಂದು ಕೂಗುವುದು. ಸದ್ದಿಗಿಂತ ಹೆಚ್ಚು ಹೊಡೆಯುವುದು ಸದ್ದು ಹೇಳದೆ ಬರುವುದು.

ದಿನಾ ಅದೇ ತಿಂಡಿ ತಿನ್ನುವುದನ್ನು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ನೂರು ವರ್ಷ ಗಂಜಿಯುಂಡ ನಾಡು ಇದು.

ಬಸ್ಸು

ಶಿವಮೊಗ್ಗದಿಂದ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಖಾಸಗಿ ಬಸ್ಸಿನಲ್ಲಿ ಹಾಡು, ಹಾರನ್, ನಿಂತ ಜನ ಎಲ್ಲ ಒಟ್ಟಿಗೇ ಸಿಗುತ್ತವೆ. ದಾರಿಯ ಸ್ಟಾಪಿನಲ್ಲಿ ಹತ್ತಿದರೆ ಸೀಟು ಸಿಗದು, ಸ್ವಲ್ಪ ಹಿಂದಕ್ಕೆ ಹೋಗಿಯಾದರೂ ಬಸ್ಸು ಹೊರಡುವ ಸ್ಟ್ಯಾಂಡಿನಲ್ಲೇ ಹತ್ತಿ. ಮುಂದಿನ ಸೀಟಿನಲ್ಲಿ ಎಂಜಿನ್ನಿನ ಕಾವು ಮತ್ತು ಸದ್ದು, ಹಿಂದಿನ ಸೀಟಿನಲ್ಲಿ ಎತ್ತಿಹಾಕುವಿಕೆ. ಮುಂದಿನ ಹಿಂದಿನ ಗಾಲಿಗಳ ನಡುವಿನ ಸಾಲೇ ಅಲುಗುವುದು ಕಡಿಮೆ. ಕೂರುವ ಮೊದಲು ತಲೆಯೆತ್ತಿ ಸ್ಪೀಕರ್ ಎಲ್ಲಿದೆ ನೋಡಿ. ಕಿಟಕಿ ಪಕ್ಕ ಕೂತರೆ ಒಂದು ಕಡೆಯಾದರೂ ಯಾರೂ ತಾಗುವುದಿಲ್ಲ, ಆದರೆ ಮಳೆಗಾಲದಲ್ಲಿ ಶಟರ್ ಸೋರುತ್ತದೆ, ಆ ತೋಳಿಗೊಂದು ಟವೆಲ್ ಇರಲಿ.

ಚಿಲ್ಲರೆ ಸರಿಯಾಗಿ ಇಟ್ಟುಕೊಂಡರೆ ಒಂದು ಮಾತುಕತೆ ಉಳಿಯುತ್ತದೆ. ಇಲ್ಲವಾದರೆ ಕಂಡಕ್ಟರ್ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಟ್ಟು 'ಆಮೇಲೆ' ಎನ್ನುತ್ತಾನೆ, ಇಳಿಯುವವರೆಗೂ ಅದೇ ಕೊರೆಯುತ್ತದೆ. ಇಳಿಯುವ ಎರಡು ಸ್ಟಾಪ್ ಮೊದಲು ಟಿಕೆಟಿನ ಹಿಂಬದಿ ಮೇಲೆ ಮಾಡಿ ಚಾಚಿ, ಮಾತೇ ಬೇಕಿಲ್ಲ.

ಆಗುಂಬೆ ಘಾಟಿಯ 14 ತಿರುವು ಒಳಗಿವಿಗೆ ಪರೀಕ್ಷೆ. ಇಳಿಯುವಾಗ ಮೊಬೈಲ್ ನೋಡಬೇಡಿ, ರಸ್ತೆ ನೋಡಿ, ಹೊಟ್ಟೆ ಪೂರ್ತಿ ಖಾಲಿಯೂ ಬೇಡ ತುಂಬಿಯೂ ಬೇಡ. ಸಾಗರದ ಕಡೆಗಾದರೆ ಹೊತ್ತು ಹೊಂದಿದಾಗ ತಾಳಗುಪ್ಪದ ರೈಲೇ ಮೇಲು: ಹಾಡಿಲ್ಲ, ಎದ್ದು ಓಡಾಡಬಹುದು, ಮುಂದಿನ ನಿಲ್ದಾಣ ಯಾವುದೆಂದು ಮೊದಲೇ ಗೊತ್ತು.

ಮಾತಿನ ಒಳದಾರಿ

ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಳ್ಳುವವರಿಗೆ ನಮ್ಮ ಕನ್ನಡದಷ್ಟು ಮೋಸದ ಭಾಷೆ ಇನ್ನೊಂದಿಲ್ಲ. ಇದಕ್ಕೆ ಯಾರೂ ಪಾಠ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ.

'ಬಂದೆ', 'ಹೊರಟೆ' ಎಂದು ಫೋನಿನಲ್ಲಿ ಹೇಳಿದರೆ ವ್ಯಾಕರಣದಲ್ಲಿ ಅದು ಭೂತಕಾಲ, ಬದುಕಿನಲ್ಲಿ ಭವಿಷ್ಯ. ಹೇಳಿದವರು ಇನ್ನೂ ಪಂಚೆ ಉಡುತ್ತಿರಬಹುದು. ಅರ್ಧ ಗಂಟೆ ಸೇರಿಸಿಕೊಳ್ಳಿ. ಕಾಯುವುದು ಕಷ್ಟವಾದರೆ 'ಎಲ್ಲಿದೀರಿ?' ಎನ್ನದೆ 'ಯಾವ ಊರು ದಾಟಿದಿರಿ?' ಎಂದು ಕೇಳಿ.

'ನೋಡೋಣ' ಎಂದರೆ ಬಹಳ ಸಲ ಇಲ್ಲ ಎಂದೇ, ನೇರ ಹೇಳಲು ಸಂಕೋಚ. ಖಚಿತ ಬೇಕಿದ್ದರೆ ಎದುರಿನವರು ನಾಚಿಕೆಯಿಲ್ಲದೆ ಇಲ್ಲ ಎನ್ನುವ ಹಾಗೆ ಕೇಳಬೇಕು: 'ಬುಧವಾರ ಫೋನ್ ಮಾಡ್ಲಾ, ಇಲ್ಲ ಬೇರೆಯವರನ್ನ ನೋಡ್ಕೊಳ್ಲಾ? ಎರಡೂ ಪರವಾಗಿಲ್ಲ.'

'ಊಟ ಆಯ್ತಾ?' ಎಂಬುದು ನಮಸ್ಕಾರದ ತಮ್ಮ. ದಾರಿಯಲ್ಲಿ ಕೇಳಿದರೆ 'ಆಯ್ತು, ನಿಮ್ದು?' ಎಂದರೆ ಮುಗಿಯಿತು, ಏನು ಉಂಡಿರಿ ಎಂಬ ವರದಿ ಬೇಡ. ಅದನ್ನೇ ಮಧ್ಯಾಹ್ನ ಒಂದು ಗಂಟೆಗೆ ಅವರ ಮನೆಯ ಜಗುಲಿಯಲ್ಲಿ ಕೇಳಿದರೆ ನಿಜವಾದ ಪ್ರಶ್ನೆ. 'ಇಲ್ಲ' ಎಂದರೆ ಎಲೆ ಹಾಕುತ್ತಾರೆ. ಕಾಫಿ ಬೇಡ ಎಂದು ಮೊದಲ ಸಲ ಹೇಳಿದ್ದನ್ನು ಯಾರೂ ನಂಬುವುದಿಲ್ಲ, ದಾಕ್ಷಿಣ್ಯ ಎಂದುಕೊಳ್ಳುತ್ತಾರೆ. ಬೇಡ ಬೇಡ ಎಂದು ಎಳೆದಾಡುವ ಬದಲು 'ಈಗಷ್ಟೇ ಕುಡಿದೆ, ಒಂದ್ಲೋಟ ನೀರು ಕೊಡಿ' ಎನ್ನಿ. ಏನಾದರೂ ಒಂದನ್ನು ತೆಗೆದುಕೊಂಡರೆ ಉಪಚಾರ ಮುಗಿದ ಲೆಕ್ಕ.

ಹೊರಡುವಾಗ 'ಹೋಗ್ತೀನಿ' ಎನ್ನಬಾರದು, 'ಬರ್ತೀನಿ'. ಅರ್ಥ ಹುಡುಕಬೇಡಿ, ಬಾಯಿಪಾಠ ಮಾಡಿ.

'ಮದುವೆ ಯಾವಾಗ?', 'ಇನ್ನೂ ಅದೇ ಕೆಲ್ಸನಾ?' ಇವಕ್ಕೆ ಒಂದೇ ಉತ್ತರ ಸಿದ್ಧವಿರಲಿ, ಪ್ರತಿ ಸಲ ಅದೇ ಧಾಟಿಯಲ್ಲಿ: 'ಸದ್ಯಕ್ಕಿಲ್ಲ. ನಿಮ್ಮಲ್ಲಿ ಕೊನೆ ಕೊಯ್ಲು ಮುಗೀತಾ?' ಮಲೆನಾಡಿನವರ ಎದುರು ಅಡಿಕೆ ವಿಷಯ ತೆಗೆದರೆ ಮುಂದಿನ ಕಾಲು ಗಂಟೆ ನೀವು ಮಾತಾಡಬೇಕಿಲ್ಲ.

ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕಷ್ಟವಾದರೆ ಎದುರು ಬದುರು ಕೂರಬೇಡಿ. ಜಗುಲಿಯ ಬೆಂಚಿನಲ್ಲಿ ಇಬ್ಬರೂ ಅಂಗಳದ ಕಡೆ ಮುಖ ಮಾಡಿ ಕೂತರೆ ಯಾರೂ ಯಾರನ್ನೂ ನೋಡಬೇಕಿಲ್ಲ. ಹಳೆಯ ಮನೆಗಳು ಈ ವಿಷಯದಲ್ಲಿ ಸೋಫಾಸೆಟ್ಟಿನ ಮನೆಗಳಿಗಿಂತ ಜಾಣ. ಹೇಳದೆ ಬರುವ ನೆಂಟರಿಗೆ ಮನೆಯವರೊಂದಿಗೆ ಮೊದಲೇ ಕರಾರು ಇರಲಿ: ನೀವು ಹೊರಗೆ ಬಂದು 'ಬನ್ನಿ, ಯಾವಾಗ ಬಂದ್ರಿ' ಎಂದು ನೀರು ಕೊಟ್ಟು ಐದು ನಿಮಿಷ ಕೂರುವುದು, ಆಮೇಲೆ ಒಳಗೆ ಹೋದಾಗ ಕಾರಣ ಹೇಳುವುದು ಅವರ ಕೆಲಸ.

ಮದುವೆಮನೆ

ಎಲ್ಲಕ್ಕಿಂತ ಕಠಿಣ ಇದು, ಆದರೆ ಎಲ್ಲಕ್ಕಿಂತ ಮುಂಚಿತವಾಗಿ ಗೊತ್ತಾಗುವುದೂ ಇದೇ. ಮುಹೂರ್ತದ ಹೊತ್ತು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ಗಟ್ಟಿಮೇಳ ಬೀಳುವುದು ಆಗ. ಹತ್ತು ನಿಮಿಷ ಮೊದಲು ಇಯರ್‌ಪ್ಲಗ್ ಹಾಕಿ, ಇಲ್ಲವೇ ಮುಹೂರ್ತ ಮುಗಿದು ಅರ್ಧ ಗಂಟೆಗೆ ತಲುಪಿ. ಹೋಗಿದ್ದು ಲೆಕ್ಕಕ್ಕೆ ಬರಬೇಕಾದರೆ ಮನೆಯವರಲ್ಲಿ ಒಬ್ಬರಿಗೆ ಮುಖ ತೋರಿಸಬೇಕು, ಯಾರಿಗೆ ಎಂದು ಹೊರಡುವಾಗಲೇ ಗೊತ್ತುಮಾಡಿ. ಮುಯ್ಯಿಯ ಕವರ್ ಅವರ ಕೈಗೇ ಕೊಟ್ಟರೆ ವೇದಿಕೆಯ ಸಾಲು, ಫೋಟೋದ ಫ್ಲಾಶು ಎರಡೂ ತಪ್ಪುತ್ತವೆ.

ಮೊದಲ ಪಂಕ್ತಿಗೆ ನೂಕುನುಗ್ಗಲು ಇದ್ದರೂ ಬೆನ್ನ ಹಿಂದೆ ಕಾಯುವವರು ಕಡಿಮೆ. ಎರಡನೆಯದಕ್ಕೆ ಕೂತರೆ ನಿಮ್ಮ ಕುರ್ಚಿಯ ಬೆನ್ನು ಹಿಡಿದು ಯಾರೋ ನಿಂತಿರುತ್ತಾರೆ. ಕೊನೆಯ ಪಂಕ್ತಿ ನಿಶ್ಶಬ್ದ, ಆದರೆ ಹೊತ್ತಿನ ಗ್ಯಾರಂಟಿಯಿಲ್ಲ, ಹಸಿವು ಕೆಡಿಸುತ್ತದೆ. ಸಾಲಿನ ತುದಿಯ ಜಾಗ ಹಿಡಿಯಿರಿ.

ಎಲೆಯಲ್ಲಿ ಒಂದಕ್ಕೊಂದು ಸೇರುವುದು ಆಗದವರಿಗೆ: ಅನ್ನವನ್ನು ಒಡ್ಡಿನ ಹಾಗೆ ನಡುವೆ ಕಟ್ಟಿಕೊಳ್ಳಿ, ಪಲ್ಯ ಕೋಸಂಬರಿ ಆಚೆ ಉಳಿಯುತ್ತವೆ. ಸಾರು, ಪಾಯಸಕ್ಕೆ ದೊನ್ನೆ ಕೇಳಿ, ಎಲ್ಲ ಕಡೆ ಇರುತ್ತದೆ. ಬೇಡವಾದದ್ದಕ್ಕೆ ಬಾಯಲ್ಲಿ 'ಸಾಕು' ಎಂದರೆ ಬಡಿಸುವವರು ಇನ್ನೊಂದು ಸೌಟು ಹಾಕುತ್ತಾರೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ನಂಬುತ್ತಾರೆ. ಸೌಟು ಹತ್ತಿರ ಬಂದ ಮೇಲಲ್ಲ, ಪಕ್ಕದವರಿಗೆ ಬಡಿಸುವಾಗಲೇ ಹಿಡಿಯಿರಿ. ಮಜ್ಜಿಗೆ ಬಂದರೆ ಮುಗಿಯಿತು. ಪಂಕ್ತಿ ಏಳುವವರೆಗೆ ಕೂತಿರಬೇಕಾದ ಕಡೆ ಆ ಐದು ನಿಮಿಷಕ್ಕೆ ಎಲೆಯ ನಾರುಗಳನ್ನು ಎಣಿಸಿ, ಬೆರಳಿಗೊಂದು ಕೆಲಸವಾಗುತ್ತದೆ. ಮರುದಿನ ಏನನ್ನೂ ಇಟ್ಟುಕೊಳ್ಳಬೇಡಿ.

ಕ್ಷೌರದ ಅಂಗಡಿ

ಕೂದಲು ಕತ್ತರಿಸಲು ಮಂಗಳವಾರದ ರಜೆಯ ಮರುದಿನ ಬೆಳಿಗ್ಗೆ ಬೇಗ ಹೋಗಿ, ಭಾನುವಾರ ಬೇಡವೇ ಬೇಡ. ಬಟ್ಟೆ ಹೊದಿಸುವ ಮುಂಚೆಯೇ ಮೂರು ಮಾತು: ಮಿಷಿನ್ ಬೇಡ ಕತ್ತರಿ ಮಾತ್ರ, ಪೌಡರ್ ಬೇಡ, ತಲೆ ತಟ್ಟುವುದು ಬೇಡ.

ಕಾಗದ ಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ವಯಸ್ಸಿನ ಮಿತಿಯಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು: ಆಧಾರ್, ಫೋಟೋ, ವಿಳಾಸದ ದಾಖಲೆ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಅಲ್ಲಿ ಆಟಿಸಂ ಎಷ್ಟಿದೆ ಎಂದು ನೋಡಲು ಬಳಸುವ ಐಎಸ್‌ಎಎ ಎಂಬ ಅಳತೆಯಲ್ಲಿ 40 ಅಂಶಗಳಿವೆ. ಅಂಗವೈಕಲ್ಯ ಶೇಕಡಾ 40 ಮತ್ತು ಮೇಲೆ ಎಂದು ಬಂದರೆ ಕೇಂದ್ರ ಕಾಯ್ದೆಯ ಪ್ರಕಾರ ಸರ್ಕಾರಿ ಕೆಲಸದ ಶೇ. 4 ಮೀಸಲಾತಿಗೆ ಅರ್ಹತೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ.

ದೊಡ್ಡವರ ತಪಾಸಣೆ ಎಡವುವುದು ಒಂದೇ ಕಡೆ: ಬಾಲ್ಯದ ಮಾಹಿತಿ ಇಲ್ಲದಿರುವುದು. ಅಮ್ಮನನ್ನೋ ಸೋದರತ್ತೆಯನ್ನೋ ಕರೆದುಕೊಂಡು ಹೋಗಿ. 'ಜನರ ಜತೆ ಬೆರೆಯಲ್ಲ' ಎಂದು ಬರೆದರೆ ನಾಚಿಕೆ ಸ್ವಭಾವ ಎಂದು ತಳ್ಳಿಹಾಕುತ್ತಾರೆ. 'ಏಳನೇ ಕ್ಲಾಸಿನವರೆಗೆ ಬಿಡುವಿನಲ್ಲಿ ಒಬ್ಬನೇ ಬಾವಿಕಟ್ಟೆ ಸುತ್ತುತ್ತಿದ್ದ, ಚಪ್ಪಲಿ ಜಾಗ ಬದಲಾದರೆ ಶಾಲೆಗೆ ಹೋಗುತ್ತಿರಲಿಲ್ಲ' ಎಂಬಂಥ ಹತ್ತು ಉದಾಹರಣೆ ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ಆ ದಿನ ಎಂದಿನಂತೆ ಹಲ್ಲು ಕಚ್ಚಿ 'ಸರಿಯಾಗಿ' ನಡೆದುಕೊಳ್ಳಬೇಡಿ. ಆಟಿಸಂ ವಾಸಿ ಮಾಡುತ್ತೇವೆಂದು ಔಷಧಿ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅಂಥ ಔಷಧಿಯಿಲ್ಲ.

ಕೊಡ ತುಂಬಿದಾಗ

ಮುನ್ಸೂಚನೆ ಒಬ್ಬೊಬ್ಬರದು ಒಂದೊಂದು: ಸದ್ದು ಹರಿತವಾಗುವುದು, ಕಾಲರ್ ಚುಚ್ಚತೊಡಗುವುದು, ಗೊತ್ತಿರುವ ಪದ ಬಾಯಿಗೆ ಬಾರದಿರುವುದು. ನಿಮ್ಮ ಮೊದಲ ಮೂರು ಲಕ್ಷಣ ಬರೆದಿಡಿ. ಎರಡು ಕಂಡರೆ ಹೊರಡುವುದು, ಚರ್ಚೆಯಿಲ್ಲ. ಮನೆಗೆ ಬಂದು ಕತ್ತಲೆ ಕೋಣೆ, ಮುಖಕ್ಕೆ ತಣ್ಣೀರು, ಮೈಮೇಲೆ ಭಾರ. ದುಡ್ಡು ಕೊಟ್ಟು ಭಾರದ ಹೊದಿಕೆ ತರಿಸುವ ಮೊದಲು ಅಟ್ಟದ ಕರಿಕಂಬಳಿ ಎರಡು ಮಡಿಕೆ ಮಾಡಿ ನೋಡಿ. ಚುಚ್ಚದಿರಲು ಒಳಗೊಂದು ಹಳೆಯ ಹತ್ತಿ ಪಂಚೆ. ಕೈ ಆಡಿಸುವುದು, ತೂಗುವುದು, ಒಂದೇ ಹಾಡಿನ ಸಾಲು ಗುನುಗುವುದು ಮೈ ತಾನೇ ಕಂಡುಕೊಂಡ ಮದ್ದು, ತಡೆಯಬೇಡಿ. ಹತ್ತು ನಿಮಿಷದಲ್ಲಿ ಸರಿಹೋಗಬಹುದು, ಎರಡು ದಿನವೂ ಬೇಕಾಗಬಹುದು.

ಮನೆಯವರು 'ಏನಾಯ್ತು, ಯಾಕೆ, ಯಾರು ಏನಂದ್ರು' ಎಂದು ಕೇಳಬಾರದು. 'ನೀರು ಇಲ್ಲಿದೆ, ನಾನು ಅಡುಗೆಮನೇಲಿ ಇರ್ತೀನಿ.' ಇಷ್ಟೇ, ಒಂದೇ ಸಲ. ವಾರಗಟ್ಟಲೆ ಮಾತು, ಸ್ನಾನ, ಊಟ ಕುಗ್ಗುತ್ತ ಬಂದರೆ ಅಥವಾ ಬದುಕು ಬೇಡವೆನಿಸಿದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416: ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬಸ್‌ಸ್ಟ್ಯಾಂಡಿನಲ್ಲೋ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ಮಾತು ನಿಂತು ಕುಸಿದು ಕೂತರೆ ಸುತ್ತಲಿನವರು ಕುಡಿದಿದ್ದಾನೆ ಎನ್ನುತ್ತಾರೆ, ಇಲ್ಲವೇ ಮೂರ್ಛೆರೋಗವೆಂದು ಕೈಗೆ ಬೀಗದ ಕೈ ತುರುಕುತ್ತಾರೆ. ಅದಕ್ಕಾಗಿ ಅಂಗಿಯ ಜೇಬಿನಲ್ಲಿ ಅಂಗೈಯಗಲದ ಚೀಟಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ:

'ನನಗೆ ಆಟಿಸಂ ಇದೆ. ನೀವು ಹೇಳುವುದು ಕೇಳಿಸುತ್ತದೆ, ಈಗ ಮಾತಾಡಲು ಆಗುತ್ತಿಲ್ಲ. ಕುಡಿದಿಲ್ಲ, ಮೂರ್ಛೆಯಲ್ಲ. ದಯವಿಟ್ಟು ಮುಟ್ಟಬೇಡಿ, ಸುತ್ತ ನಿಲ್ಲಬೇಡಿ. ಸ್ವಲ್ಪ ಹೊತ್ತು ಕೂತರೆ ಸರಿಯಾಗುತ್ತೇನೆ. ಅರ್ಧ ಗಂಟೆಯಾದರೂ ಹೀಗೇ ಇದ್ದರೆ ಈ ನಂಬರಿಗೆ ಫೋನ್ ಮಾಡಿ.'

ನಂಬರು ಯಾರದೋ ಅವರಿಗೆ ಮೊದಲೇ ಹೇಳಿರಬೇಕು, ಮತ್ತು ಅವರು ಗುರುತಿಲ್ಲದ ನಂಬರಿನ ಕರೆಯನ್ನೂ ಎತ್ತುವವರಾಗಿರಬೇಕು. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಇಂಕ್ ಪೆನ್ನಿನದು ಒಂದೇ ಮಳೆಗೆ ಕಲಸಿಹೋಗುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದು ಅಂಗಿಯಲ್ಲಿ, ಒಂದು ಚೀಲದಲ್ಲಿ, ಒಂದು ಕೊಡೆಯ ಹಿಡಿಕೆಗೆ ಸುತ್ತಿ ಇಡಿ.